ವಾಕಿಂಗ್ ಹೋದಾಗ ಕಾಣೋ ಹಕ್ಕಿ, ಹೂ ಗುರುತು ಹಿಡಿಯೋದು ಎಲ್ಲಿಂದ ಶುರು ಮಾಡ್ಲಿ? (ತುಮಕೂರು ಕಡೆ)

ಕೆರೆಏರಿ · ಭಾನುವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ, ಇಲ್ಲಿಗೆ ಹೊಸಬ. ಆಗಸ್ಟ್‌ನಲ್ಲಿ ಡಾಕ್ಟ್ರು ‘ಶುಗರ್ ಬಾರ್ಡರ್‌ನಲ್ಲಿದೆ, ದಿನಾ ಮುಕ್ಕಾಲು ಗಂಟೆ ನಡೀರಿ’ ಅಂದ್ರು. ಅವತ್ತಿಂದ ಬೆಳಿಗ್ಗೆ ಅಮಾನಿಕೆರೆ ಹತ್ರ ವಾಕಿಂಗ್, ಭಾನುವಾರ ಮಾತ್ರ ದೇವರಾಯನದುರ್ಗದ ಕಡೆ. ಮೊದಲೆರಡು ವಾರ ಇಯರ್‌ಫೋನ್ ಹಾಕ್ಕೊಂಡು ತಲೆ ತಗ್ಗಿಸಿ ನಡೆದೆ. ಒಂದಿನ ಫೋನಲ್ಲಿ ಚಾರ್ಜ್ ಇರಲಿಲ್ಲ. ಕೆರೇಲಿ ಏನೇನೋ ಕೂಗ್ತಿದ್ದದ್ದು ಅವತ್ತೇ ಕಿವಿಗೆ ಬಿದ್ದಿದ್ದು. ಅಲ್ಲಿಂದ ಹಿಡೀತು ಈ ಹುಚ್ಚು.

ಈಗ ಒಂದು ನೋಟ್‌ಬುಕ್ ಇಟ್ಟಿದೀನಿ. ಹೆಸರು ಗೊತ್ತಿಲ್ದಿದ್ರೂ ಕಂಡಿದ್ದನ್ನ ಬರೀತೀನಿ. ಎರಡು ತಿಂಗಳಿಗೆ 23 ಹಕ್ಕಿ ಆಗಿದೆ. ಸ್ವಲ್ಪ ಜಂಬ ಕೂಡ ಬಂದಿತ್ತು. ನೋಟ್‌ಬುಕ್ಕಿಂದ ಕೆಲವು ಹಾಗೇ ಇಳಿಸ್ತೀನಿ:

‘ಮಣ್ಣುಬಣ್ಣ, ಕುಳ್ಳ ಕೊಕ್ಕರೆ ಥರ, ನೀರಿನ ಅಂಚಲ್ಲಿ ಕಲ್ಲಿನ ಹಾಗೆ ಕೂತಿರುತ್ತೆ.’
‘ಬಿಳಿ ಹಕ್ಕಿ. ಹಾರುವಾಗ ಮಾತ್ರ ಕಂಡಿದ್ದು, ಕೂತಿದ್ದು ಒಂದು ಸಲವೂ ನೋಡಿಲ್ಲ.’
‘ಪೂರ್ತಿ ಕಪ್ಪು, ಕೆಂಪು ಕಣ್ಣು.’
‘ಕಂದು ಮೈ, ತುಂಬಾ ಚುಕ್ಕೆ, ಕೆಂಪು ಕಣ್ಣು.’
‘ಕಪ್ಪು ಬಿಳುಪು, ಬಾಲ ಎತ್ತುತ್ತೆ, ಹಾಡುತ್ತೆ.’
‘ಬೂದು ಬಿಳುಪು, ಬಾಲ ಎತ್ತುತ್ತೆ.’

ಹೂವಿನ ಕಥೆ ಇನ್ನೂ ಕಷ್ಟ. ನಲವತ್ತು ಫೋಟೊ ಇದೆ, ನಂಬರ್ ಹಾಕಿ, ಆ್ಯಪ್ ಹೇಳಿದ ಹೆಸರಿನ ಸಮೇತ ಇಲ್ಲೇ ಕೆಳಗೆ ಹಾಕಿದೀನಿ. ಒಂದು ಆ್ಯಪ್‌ಗೆ ತೋರಿಸಿದ್ರೆ ಒಂದೇ ಗಿಡಕ್ಕೆ ಮೂರು ದಿನ ಮೂರು ಹೆಸರು ಹೇಳ್ತು, ಅದ್ರಲ್ಲಿ ಒಂದು ದಕ್ಷಿಣ ಅಮೆರಿಕದ ಬೆಟ್ಟದಲ್ಲಿ ಬೆಳೆಯೋದಂತೆ. ಎಲ್ಲಿಂದ ಶುರು ಮಾಡ್ಲಿ? ಬೈನಾಕ್ಯುಲರ್ ಬೇಕೇ ಬೇಕಾ? ನನಗೆ ಬಾಟನಿ ಗೊತ್ತಿಲ್ಲ, ಓದಿದ್ದು ಕಾಮರ್ಸು.

ಹಳೇಸೈಕಲ್ · ಭಾನುವಾರ ಬೆಳಿಗ್ಗೆ 11:30

ಸ್ವಾಗತ ಸ್ವಾಮಿ. ನಾನೂ ತುಮಕೂರಿನವನೇ, ರಿಟೈರ್ ಆಗಿ ಒಂಬತ್ತು ವರ್ಷ. ನಿಮ್ಮ ಪಟ್ಟಿ ಓದಿ ಮನೆಯವಳಿಗೂ ಓದಿ ಹೇಳಿದೆ, ಇಬ್ರೂ ನಕ್ಕಿದ್ದಾಯ್ತು. ಬೇಜಾರು ಮಾಡ್ಕೋಬೇಡಿ, ನಗು ಬಂದಿದ್ದು ನನ್ನ ಹಳೇ ನೋಟ್‌ಬುಕ್ ನೆನಪಾಗಿ.

ನೀವು ಬರೆದ ಆರು ಹಕ್ಕಿ ನಿಜಕ್ಕೂ ಮೂರು.

ಮಣ್ಣುಬಣ್ಣದ್ದು ಮತ್ತು ಹಾರುವಾಗ ಮಾತ್ರ ಕಾಣೋ ಬಿಳಿ ಹಕ್ಕಿ ಒಂದೇ: ಕೊಳದ ಬಕ. ಕೂತಾಗ ರೆಕ್ಕೆ ಮಡಚಿ ಬೆನ್ನಿನ ಕಂದು ಬಣ್ಣದೊಳಗೆ ಬಿಳುಪನ್ನೆಲ್ಲ ಮುಚ್ಚಿಟ್ಟುಕೊಂಡಿರುತ್ತೆ. ಎದ್ದ ತಕ್ಷಣ ರೆಕ್ಕೆ, ಬಾಲ ಎಲ್ಲ ಬಿಳಿ. ಕೂತಿದ್ದು ನೋಡಿಲ್ಲ ಅಂತ ಬರೆದಿದ್ದೀರಲ್ಲ, ಅದು ಇಳಿದ ಜಾಗದಲ್ಲೇ ಕೂತಿರುತ್ತೆ, ನೀವು ಬಿಳಿ ಹುಡುಕ್ತಾ ಇರ್ತೀರಿ.

ಕೆಂಪು ಕಣ್ಣಿನ ಎರಡೂ ಕೋಗಿಲೆ. ಕರೀದು ಗಂಡು, ಚುಕ್ಕೆಯದು ಹೆಣ್ಣು. ‘ಕುಹೂ’ ಅನ್ನೋದು ಗಂಡು. ಬಾಲ ಎತ್ತೋವೆರಡೂ ಮಡಿವಾಳ ಹಕ್ಕಿ, ಗಂಡಿಗೆ ಕಪ್ಪು ಇರೋ ಕಡೆ ಹೆಣ್ಣಿಗೆ ಬೂದು.

ಪೂರ್ತಿ ಪಟ್ಟಿ ಹಾಕಿ ನೋಡೋಣ.

ಲೆನ್ಸ್‌ರಾಜ · ಭಾನುವಾರ ಮಧ್ಯಾಹ್ನ 12:05

ಬ್ರೋ, ಬೈನಾಕ್ಯುಲರ್ ಬಿಡಿ, ಒಂದು ಒಳ್ಳೆ ಝೂಮ್ ಕ್ಯಾಮೆರಾ ತಗೊಳ್ಳಿ. ಫೋಟೊ ಇದ್ರೆ ಸಾಕ್ಷಿ. ಮನೆಗೆ ಬಂದು ಆರಾಮಾಗಿ ಐಡಿ ಮಾಡ್ಬಹುದು.

ಹಳೇಸೈಕಲ್ · ಭಾನುವಾರ ಮಧ್ಯಾಹ್ನ 12:40

ರಾಜಣ್ಣ, ಅವರಿನ್ನೂ ಕಾಗೆಯಲ್ಲೇ ಎರಡು ಜಾತಿ ಇದೆ ಅಂತ ನೋಡಿಲ್ಲ, ನೀವು ಆಗ್ಲೇ ಲಕ್ಷದ ಲೆಕ್ಕ ಹೇಳ್ತಿದೀರಿ.

ಕ್ಯಾಮೆರಾ ಇದ್ರೆ ಒಳ್ಳೇದೇ. ಆದ್ರೆ ಹೊಸದರಲ್ಲಿ ಅದು ಕಣ್ಣಿಗೆ ಅಡ್ಡ ಬರುತ್ತೆ. ಹಕ್ಕಿ ಕಂಡ ಮೂರು ಸೆಕೆಂಡೂ ಫೋಕಸ್ ಮಾಡೋದ್ರಲ್ಲೇ ಕಳೆಯುತ್ತೆ. ಬೈನಾಕ್ಯುಲರ್ ತಗೊಳ್ಳೋದಾದ್ರೆ 8×42 ಅಂತ ಬರೆದಿರೋದು ಕೇಳಿ. ಎಂಟು ಅಂದ್ರೆ ಎಂಟು ಪಟ್ಟು ಹತ್ತಿರ ಕಾಣೋದು, 42 ಅಂದ್ರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹತ್ತು ಹನ್ನೆರಡು ಪಟ್ಟಿನದು ತಗೊಂಡ್ರೆ ಕೈ ನಡುಗಿದ್ದೂ ಹತ್ತು ಹನ್ನೆರಡು ಪಟ್ಟು ಕಾಣುತ್ತೆ. ಅದೂ ಈಗಲೇ ಬೇಡ. ಒಂದು ತಿಂಗಳು ಬರೀ ಕಣ್ಣಲ್ಲಿ ನೋಡಿ, ಹುಚ್ಚು ಉಳಿದ್ರೆ ಖರ್ಚು ಮಾಡಿ.

ಬದಲಿಗೆ ಐದು ಹಕ್ಕಿ ಅಳತೆಗೋಲು ಮಾಡ್ಕೊಳ್ಳಿ: ಗುಬ್ಬಿ, ಪಿಕಳಾರ (ಬುಲ್‌ಬುಲ್), ಗೊರವಂಕ (ಮೈನಾ), ಕಾಗೆ, ಹದ್ದು. ಹೊಸದೇನೇ ಕಂಡ್ರೂ ಮೊದಲ ಸಾಲಲ್ಲಿ ‘ಗೊರವಂಕಕ್ಕಿಂತ ದೊಡ್ಡದು, ಕಾಗೆಗಿಂತ ಚಿಕ್ಕದು’ ಅಂತ ಬರೀರಿ. ಬಣ್ಣ ಆಮೇಲೆ. ಬಣ್ಣ ಬೆಳಕಿಗೆ ತಕ್ಕಂತೆ ಸುಳ್ಳು ಹೇಳುತ್ತೆ, ಗಾತ್ರ ಅಷ್ಟು ಬೇಗ ಹೇಳಲ್ಲ. ಪಕ್ಷಿತಜ್ಞ ಸಲೀಂ ಅಲಿಯವರೂ ಹೀಗೇ ಗುಬ್ಬಿ, ಗೊರವಂಕ ಇಟ್ಕೊಂಡೇ ಅಳತೆ ಹೇಳ್ತಿದ್ರು. 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರೇ.

ಕೆರೆಏರಿ · ಭಾನುವಾರ ರಾತ್ರಿ 8:50

ಸಾರ್, ಕಾಗೆ ಎರಡು ಜಾತಿನಾ?!

ಸಂಜೆ ಬಾಲ್ಕನಿಯಿಂದ ನೋಡಿದೆ. ಒಂದಕ್ಕೆ ಕತ್ತು ಬೂದು, ಇನ್ನೊಂದು ಪೂರ್ತಿ ಕಪ್ಪು, ಕೊಕ್ಕೂ ದಪ್ಪ. ನಲವತ್ತಮೂರು ವರ್ಷದಿಂದ ನೋಡ್ತಿದೀನಿ, ಇವತ್ತು ಕಂಡಿದ್ದು. ಪೂರ್ತಿ ಪಟ್ಟಿ ಫೋಟೊ ತೆಗೆದು ಹಾಕಿದೀನಿ.

ಹಳೇಸೈಕಲ್ · ಭಾನುವಾರ ರಾತ್ರಿ 9:35

ಬೂದು ಕತ್ತಿನದು ಊರುಕಾಗೆ, ಕಪ್ಪನೆಯದು ಕಾಡುಕಾಗೆ. ನಿಮ್ಮ ಪಟ್ಟಿಯಲ್ಲಿ 11 ಮತ್ತು 17 ಕೂಡ ಒಂದೇ, ಹೂವಿನ ಮಕರಂದ ಹೀರೋ ಸೂರಕ್ಕಿಯ ಗಂಡು ಹೆಣ್ಣು. ನಾಲ್ಕು ಕಳೆದು ಒಂದು ಕಾಗೆ ಸೇರಿಸಿದ್ರೆ 20. ಶ್ರಾದ್ಧದ ದಿನ ಯಾವ ಕಾಗೆ ಬರುತ್ತೆ ಅಂತಲೂ ನೋಡಿ ಒಂದ್ಸಲ.

ತುಂಬೆಹೂ · ಸೋಮವಾರ ಬೆಳಿಗ್ಗೆ 6:20

ಹೂವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದ್ದೇನೆ. ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತೇನೆ. ಕಾಮರ್ಸಿನವರಿಗೂ ಬರುತ್ತೆ, ಹೆದರಬೇಡಿ.

ನಿಮ್ಮ ಫೋಟೊಗಳ ತೊಂದರೆ ಒಂದೇ. ಎಲ್ಲವೂ ಮದುವೆ ಆಲ್ಬಮ್ಮಿನ ಹಾಗೆ ಮುಖ ಮಾತ್ರ. ಗಿಡದ ಗುರುತು ಮುಖದಲ್ಲಿರೋದು ಅರ್ಧ. ಇನ್ಮೇಲೆ ಒಂದು ಗಿಡಕ್ಕೆ ನಾಲ್ಕೈದು ಫೋಟೊ ತೆಗೆಯಿರಿ. ದೂರದಿಂದ ಇಡೀ ಗಿಡ: ನೆಟ್ಟಗಿದೆಯಾ, ಹಬ್ಬಿದೆಯಾ, ಬಳ್ಳಿಯಾ. ಎಲೆ ಕಾಂಡಕ್ಕೆ ಸೇರೋ ಜಾಗ: ಎರಡೆರಡು ಎದುರುಬದುರಾ, ಒಂದು ಬಿಟ್ಟು ಒಂದಾ. ಎಲೆಯ ಹಿಂಭಾಗ. ಹೂವಿನ ಹಿಂಭಾಗ, ಅಂದರೆ ಹಸಿರು ತೊಟ್ಟಿನ ಕಡೆ. ಕಾಯಿ ಇದ್ದರೆ ಕಾಯಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಯಾವುದನ್ನೂ ಕೀಳಬೇಡಿ, ಬಗ್ಗಿ ತೆಗೆಯಿರಿ. ಡಾಕ್ಟ್ರು ಹೇಳಿದ ವ್ಯಾಯಾಮವೂ ಆಯ್ತು.

ಒಂದೆರಡು ಕೈಗೆ ಸಿಕ್ಕಷ್ಟು ಹೇಳ್ತೇನೆ. 14ನೇ ಫೋಟೊದ ಕೇಸರಿ-ಕೆಂಪು ಹೂವಿನ ದೊಡ್ಡ ಮರಕ್ಕೆ ಆ್ಯಪ್ ‘ಮುತ್ತುಗ’ ಅಂದಿದೆ ಅಂತ ಬರೆದಿದ್ದೀರಿ. ಮುತ್ತುಗ ಹೂ ಬಿಡೋದು ಶಿವರಾತ್ರಿ ಆಸುಪಾಸು, ಮರ ಎಲೆ ಉದುರಿಸಿಕೊಂಡ ಕಾಲದಲ್ಲಿ. ಈಗ ಅಕ್ಟೋಬರ್, ನಿಮ್ಮ ಮರದ ತುಂಬ ಎಲೆ. ತಿಂಗಳು ನೋಡಿದ್ದರೇ ಅರ್ಧ ಅನುಮಾನ ಬರಬೇಕಿತ್ತು. ಇದು ಆಫ್ರಿಕಾದಿಂದ ತಂದು ರಸ್ತೆ ಬದಿಗೆ ನೆಟ್ಟ ಮರ. ಮೊಗ್ಗು ಹಿಂಡಿದರೆ ನೀರು ಚಿಮ್ಮುತ್ತೆ.

ಕೆರೆಏರಿ · ಸೋಮವಾರ ಬೆಳಿಗ್ಗೆ 7:45

ಅಯ್ಯೋ ಮೇಡಂ, ಉಚ್ಚೆಕಾಯಿ ಮರ! ಸ್ಕೂಲಲ್ಲಿ ಅದನ್ನ ಹಿಂಡಿ ಎಷ್ಟು ಜನರ ಯೂನಿಫಾರ್ಮ್ ಒದ್ದೆ ಮಾಡಿದ್ವಿ. ಮೊಗ್ಗು ಗೊತ್ತು, ಮರ ಗೊತ್ತಿರಲಿಲ್ಲ!

ಎರೆಹೊಲ · ಸೋಮವಾರ ಮಧ್ಯಾಹ್ನ 1:15

ನಮಸ್ಕಾರ್ರಿ, ಧಾರವಾಡದಿಂದ. ಅವರ 22ನೇ ಫೋಟೋದಾಗ ಸಣ್ಣ ನೀಲಿ ಹೂ ಐತಲ್ರಿ, ಬಂಡಿಗಲ್ಲ ಬಾಜೂಕ ನೆಲಕ್ಕ ಹತ್ತಿಕೊಂಡಿದ್ದು, ಅದು ವಿಷ್ಣುಕ್ರಾಂತಿ. ನಮ್ಮ ಹೊಲದ ಬದುವಿನ ಮ್ಯಾಲೆ ಭಾಳ ಐತಿ.

ಬೆಟ್ಟದನೆಲ್ಲಿ · ಸೋಮವಾರ ಮಧ್ಯಾಹ್ನ 2:02

ಇಲ್ಲ, ಅದು ಶಂಖಪುಷ್ಪಿ. ನೆನಪಿನ ಶಕ್ತಿಗೆ ಕೊಡ್ತಾರೆ. ನಮ್ಮ ಮನೆಯಲ್ಲಿ ಬಾಟಲಿ ಇದೆ, ಮೇಲೆ ಚಿತ್ರನೂ ಇದೆ.

ಎರೆಹೊಲ · ಸೋಮವಾರ ಮಧ್ಯಾಹ್ನ 2:20

ಬಾಟ್ಲಿ ಮ್ಯಾಗಿನ ಚಿತ್ರ ನೋಡಿ ಗಿಡ ಹೇಳೂದಾದ್ರ ಮುಗೀತ್ ಬಿಡ್ರಿ. ಶಂಖಪುಷ್ಪ ಅಂದ್ರ ಬೇಲಿಗೆ ಹಬ್ಬೂ ಬಳ್ಳಿ. ಇದು ಬಳ್ಳಿ ಅಲ್ಲ.

ಬೆಟ್ಟದನೆಲ್ಲಿ · ಸೋಮವಾರ ಮಧ್ಯಾಹ್ನ 2:31

ನಮ್ಮ ತಾತ ನಾಟಿ ವೈದ್ಯರು. ಅವರು ಇದನ್ನೇ ಶಂಖಪುಷ್ಪಿ ಅಂತಿದ್ರು. ಅವರಿಗಿಂತ ನಿಮಗೆ ಗೊತ್ತಾ?

ತುಂಬೆಹೂ · ಸೋಮವಾರ ಸಂಜೆ 5:40

ಇಬ್ಬರೂ ಸ್ವಲ್ಪ ನಿಲ್ಲಿ. ಜಗಳ ಗಿಡದ್ದಲ್ಲ, ಹೆಸರಿನದು. ತಾತ ಹೇಳಿದ್ದು ತಪ್ಪೂ ಅಲ್ಲ.

‘ಶಂಖಪುಷ್ಪಿ’ ಅನ್ನೋ ಹೆಸರನ್ನು ಬೇರೆ ಬೇರೆ ಪ್ರಾಂತ್ಯದ ವೈದ್ಯರು ಬೇರೆ ಬೇರೆ ಗಿಡಕ್ಕೆ ಇಟ್ಟುಕೊಂಡು ಬಂದಿದ್ದಾರೆ. ಒಂದು ಕಡೆ ಬೇಲಿಯ ಬಳ್ಳಿ, ಇನ್ನೊಂದು ಕಡೆ ನೆಲದ ಗಿಡ, ಉತ್ತರದಲ್ಲಿ ಮೂರನೆಯದೇ ಒಂದು. ಇಂಥ ಕಡೆ ಮಾತ್ರ ಲ್ಯಾಟಿನ್ ಹೆಸರು ಕೆಲಸಕ್ಕೆ ಬರುತ್ತೆ, ಜಂಭ ತೋರಿಸೋಕಲ್ಲ. ಬೇಲಿಯ ಬಳ್ಳಿ ಕ್ಲಿಟೋರಿಯಾ ಟರ್ನೇಷಿಯಾ. ಅವರೆ, ತೊಗರಿಯ ಬಳಗ. ಒಂದು ತೊಟ್ಟಿಗೆ ಐದೋ ಏಳೋ ಪುಟ್ಟ ಎಲೆ, ದೊಡ್ಡ ನೀಲಿ ಹೂ, ಒಣಗಿದ ಮೇಲೆ ಚಪ್ಪಟೆ ಕಾಯಿ. ನೆಲದ್ದು ಎವಾಲ್ವುಲಸ್ ಆಲ್ಸಿನಾಯ್ಡಿಸ್. ಗೆಣಸಿನ ಬಳಗ. ಎಲೆ ಚಿಕ್ಕದು, ಮೇಲೆ ರೇಷ್ಮೆಯಂಥ ರೋಮ, ಹೂ ಅಂಗಿ ಗುಂಡಿಗಿಂತ ಚಿಕ್ಕದು.

22ನೇ ಫೋಟೊದಲ್ಲಿ ಅಂಚಿನಲ್ಲಿ ಎರಡು ಎಲೆ ಸಿಕ್ಕಿಬಿಟ್ಟಿವೆ, ಅದೃಷ್ಟ. ರೋಮ ಕಾಣುತ್ತೆ. ಎರೆಹೊಲ ಅವರು ಹೇಳಿದ ಗಿಡವೇ. ಅದು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತೆ, ಬೇಕಿದ್ದರೆ ಮುಂದಿನ ವಾರ ಎರಡು ಹೊತ್ತೂ ನೋಡಿ.

ಎರೆಹೊಲ · ಸೋಮವಾರ ಸಂಜೆ 6:05

ನೆಲ್ಲಿಯವರ, ತಾತಗ ನನ್ನ ನಮಸ್ಕಾರ ಹೇಳ್ರಿ.

ಬೆಟ್ಟದನೆಲ್ಲಿ · ಸೋಮವಾರ ಸಂಜೆ 6:30

ತಾತ ತೀರ್ಕೊಂಡು ಹತ್ತು ವರ್ಷ ಆಯ್ತು. ಇರ್ಲಿ, ಹೇಳ್ತೀನಿ.

ಉಂಬಳಬೂಟು · ಮಂಗಳವಾರ ಬೆಳಿಗ್ಗೆ 8:10

ಸಿರಸಿ ಕಡೆಯಿಂದ ಒಂದು ಮಾತು. ಮಾರಾಯ್ರೆ, ಬಯಲುಸೀಮೆಯಲ್ಲಿ ಕಲಿಯುವವರು ಪುಣ್ಯವಂತರು. ನಮ್ಮಲ್ಲಿ ಮರ ಆಕಾಶಕ್ಕೆ ಹೋಗಿರ್ತದೆ, ಹಕ್ಕಿ ಎಲ್ಲೋ ತುದಿಯಲ್ಲಿ. ಕತ್ತು ನೋವು ಬಿಟ್ಟು ಬೇರೆ ಏನೂ ಸಿಗೋದಿಲ್ಲ. ಅದಕ್ಕೆ ನಾವು ಕಿವಿಯಲ್ಲೇ ಕಲೀತೇವೆ. ಬೆಳಗಿನ ಜಾವ ಸಿಳ್ಳಾರ ಹಕ್ಕಿ ಶಾಲೆ ತಪ್ಪಿಸಿದ ಹುಡುಗನ ಹಾಗೆ ಗೊತ್ತು ಗುರಿಯಿಲ್ಲದೆ ಶಿಳ್ಳೆ ಹೊಡೀತದೆ. ಕುಟ್ರು ಹಕ್ಕಿ ಇಡೀ ದಿನ ಕುಟ್ರೂ ಕುಟ್ರೂ. ನಾನು ಕುಟ್ರುವನ್ನು ಕಣ್ಣಾರೆ ಕಂಡದ್ದು ಅದರ ಕೂಗು ಕೇಳಿ ಹದಿನೈದು ವರ್ಷ ಆದ ಮೇಲೆ. ಎಲೆಯ ಹಸಿರೇ ಅದರ ಮೈಗೂ.

ನೀವು ದಿನಾ ಹತ್ತು ನಿಮಿಷ ಒಂದೇ ಕಡೆ ನಿಂತು ಕಣ್ಣು ಮುಚ್ಚಿ ಕೇಳಿ. ಎಷ್ಟು ಬೇರೆ ಬೇರೆ ದನಿ ಅಂತ ಬೆರಳು ಮಡಚಿ. ಹೆಸರು ಬೇಡ.

ಹಳೇಸೈಕಲ್ · ಮಂಗಳವಾರ ಬೆಳಿಗ್ಗೆ 9:25

ಇದು ಸರಿಯಾದ ಮಾತು. ಇದಕ್ಕೇ ಒಂದು ಸೇರಿಸ್ತೀನಿ. ಕನ್ನಡದ ಹಕ್ಕಿ ಹೆಸರುಗಳನ್ನ ಬಾಯಲ್ಲಿ ಹೇಳಿ ನೋಡಿ, ಅರ್ಧ ಪಾಠ ಹೆಸರಲ್ಲೇ ಇದೆ. ಟಿಟ್ಟಿಭ, ಕಾಗೆ, ಕುಟ್ರು, ಟುವ್ವಿ: ಇವೆಲ್ಲ ಕೂಗೇ ಹೆಸರು. ಕೆರೇಲಿ ಕಪ್ಪು ಮೈ, ಹಣೆ ಮೇಲೆ ಬಿಳಿ ಪಟ್ಟಿ ಇರೋದು ನಾಮದ ಕೋಳಿ. ನೀರುಕಾಗೆ, ಬೆಳ್ಳಕ್ಕಿ ಬಿಡಿಸಿ ಹೇಳಬೇಕಿಲ್ಲ. ಏಳೆಂಟು ಒಟ್ಟಿಗೆ ಸೇರಿ ತರಗೆಲೆ ಕೆದಕುತ್ತಾ ಜಗಳ ಆಡೋದು ಹರಟೆಮಲ್ಲ, ನಮ್ಮ ಕಟ್ಟೆ ಮೇಲಿನ ಜನದ ಹಾಗೆ. ಇನ್ನು ಕುಂಡೆಕುಸ್ಕ. ನಡೀವಾಗ ಹಿಂಭಾಗ ಕುಣಿಸ್ತಾನೇ ಇರುತ್ತೆ. ಹೆಸರಿಟ್ಟವನು ನೋಡಿದ್ದನ್ನ ನೋಡಿದ ಹಾಗೆ ಹೇಳಿದ್ದಾನೆ, ಮುಜುಗರ ಪಟ್ಟಿಲ್ಲ.

ಕುಂಡೆಕುಸ್ಕದಲ್ಲಿ ಕೆಲವು ಈಗ ಉತ್ತರದಿಂದ ಬರೋ ಕಾಲ, ನಿಮ್ಮ ಕೆರೆ ಅಂಚಲ್ಲೇ ಸಿಗುತ್ತೆ. ಅದೇ ಹೊತ್ತಿಗೆ ಹಸಿರು ಮಿಶ್ರಿತ ಬೂದು ಬಣ್ಣದ ಪುಟ್ಟ ಹಕ್ಕಿಗಳೂ ಬಂದು ಮರದ ಎಲೆಗಳಲ್ಲಿ ಸರಸರ ಓಡಾಡ್ತವೆ. ಎಲ್ಲ ಒಂದೇ ಥರ. ಎರಡು ವರ್ಷ ಅವುಗಳ ತಂಟೆಗೆ ಹೋಗಬೇಡಿ. ನೋಟ್‌ಬುಕ್ಕಲ್ಲಿ ‘ಪುಟ್ಟ ಹಸಿರು, ಗೊತ್ತಿಲ್ಲ’ ಅಂತ ಬರೆದು ಮುಂದೆ ಹೋಗಿ. ನಾನು ಈಗಲೂ ಹಾಗೇ ಬರೀತೀನಿ.

ಪದವು · ಮಂಗಳವಾರ ರಾತ್ರಿ 9:00

ಮಂಗಳೂರು ಹತ್ತಿರದವ. ಹಕ್ಕಿ ನನಗೆ ಅಷ್ಟು ಗೊತ್ತಿಲ್ಲ, ಹೂ ಉಂಟು. ನಮ್ಮಲ್ಲಿ ಮುರಕಲ್ಲಿನ ಪದವು (ಕೆಂಪು ಕಲ್ಲಿನ ಬಯಲು) ಬೇಸಿಗೆಯಲ್ಲಿ ಕಾದ ಬಾಣಲೆ. ಮಳೆಗಾಲ ಮುಗಿಯುತ್ತ ಬಂದಾಗ, ಆಗಸ್ಟ್ ಸೆಪ್ಟೆಂಬರಲ್ಲಿ, ಅಲ್ಲಿ ನಿಂತ ತೆಳು ನೀರಿನಲ್ಲಿ ನೀಲಿ-ನೇರಳೆ ಹೂ ಚಾಪೆ ಹಾಸಿದ ಹಾಗೆ. ನಾನು ಸಣ್ಣದಿರುವಾಗ ಅದರ ಮೇಲೆ ಕ್ರಿಕೆಟ್ ಆಡಿದ್ದು. ದೊಡ್ಡವನಾದ ಮೇಲೆ ಗೊತ್ತಾದದ್ದು, ಅದು ಯುಟ್ರಿಕ್ಯುಲೇರಿಯಾ, ಬೇಟೆಯಾಡುವ ಗಿಡ ಅಂತ. ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳು ಉಂಟು. ಬಾಗಿಲಿನ ಕೂದಲಿಗೆ ನೀರಿನ ಸೂಕ್ಷ್ಮ ಜೀವಿ ತಾಗಿದರೆ ಚೀಲ ಪಟಕ್ಕನೆ ತೆರೆದು ನೀರಿನ ಸಮೇತ ಎಳ್ಕೊಳ್ತದೆ. ಆ ಕಲ್ಲಿನ ಮೇಲೆ ಇರುವುದೇ ಚೂರು ಮಣ್ಣು, ಸಾರ ಎಲ್ಲಿಂದ ಬರಬೇಕು? ಅದಕ್ಕೆ ಈ ಉಪಾಯ.

ಹೇಳಲಿಕ್ಕೆ ಹೊರಟದ್ದು ಇಷ್ಟೆ: ಗಿಡ ಎಲ್ಲಿ ನಿಂತಿದೆ ಅಂತ ಬರೆಯಿರಿ. ಬಂಡೆಯಾ, ಜೌಗಾ, ಬೇಲಿಯಾ. ಅದು ಅರ್ಧ ಹೆಸರು.

ಲೆಸ್ಟರ್‌ಕನ್ನಡಿಗ · ಬುಧವಾರ ಬೆಳಿಗ್ಗೆ 3:40

ಇಂಗ್ಲೆಂಡಿನಿಂದ ಓದ್ತಾ ಕೂತಿದ್ದೇನೆ, ಇಲ್ಲಿ ರಾತ್ರಿ. ನಾನು ಹಕ್ಕಿ ನೋಡೋದು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಮನೆ ಹಿಂದಿನ ರಾಬಿನ್‌ನಿಂದ. ಕೆಂಪೆದೆಯ ಪುಟ್ಟ ಹಕ್ಕಿ, ಮಣ್ಣು ಅಗೆಯೋಕೆ ಹೋದರೆ ಕಾಲ ಬುಡಕ್ಕೇ ಬರುತ್ತೆ. ಊರಿಗೆ ಬಂದಾಗ ಮಡಿವಾಳಕ್ಕೆ ಇಂಗ್ಲಿಷಲ್ಲಿ ಮ್ಯಾಗ್‌ಪೈ ರಾಬಿನ್ ಅಂತಾರೆ ಅಂತ ತಿಳಿದು ಕೆಂಪು ಹುಡುಕಿದ್ದೆ. ಒಂದು ಚುಕ್ಕೆ ಕೆಂಪೂ ಇಲ್ಲ! ಮ್ಯಾಗ್‌ಪೈ ಕೂಡ ಇಲ್ಲಿಯದೇ, ಕಪ್ಪು ಬಿಳುಪಿನ ಕಾಗೆ ಜಾತಿ. ಎರಡು ಇಂಗ್ಲಿಷ್ ಹಕ್ಕಿ ಸೇರಿಸಿ ನಮ್ಮ ಒಂದು ಹಕ್ಕಿಗೆ ಹೆಸರು.

ತುಂಬೆಹೂ · ಬುಧವಾರ ಸಂಜೆ 6:15

ಕೆರೆಏರಿ ಅವರೇ, ನಿಮಗೊಂದು ಹೋಂವರ್ಕ್. ಪಟ್ಟಿ ಉದ್ದ ಮಾಡೋದು ಒಂದು ವಾರ ನಿಲ್ಲಿಸಿ. ಒಂದು ಎಕ್ಕದ ಗಿಡ ಹುಡುಕಿ ಅರ್ಧ ಗಂಟೆ ಅದರ ಮುಂದೆ ಕೂತ್ಕೊಳ್ಳಿ. ಯಾರು ಬರ್ತಾರೆ, ಯಾರು ಹೋಗ್ತಾರೆ ಬರೀರಿ. ಹಾಲು ಕಣ್ಣಿಗೆ ತಾಗದ ಹಾಗೆ ನೋಡ್ಕೊಳ್ಳಿ, ಅಷ್ಟೆ.

ಕೆರೆಏರಿ · ಶನಿವಾರ ಬೆಳಿಗ್ಗೆ 9:20

ಮೇಡಂ, ಕೂತೆ. ಇಬ್ರು ಬಂದು ‘ಏನಾದ್ರೂ ಕಳ್ಕೊಂಡ್ರಾ’ ಅಂತ ಕೇಳಿದ್ರು.

ಬಂದವರು: ದಪ್ಪ ಕರಿ ದುಂಬಿ, ಎರಡು ಸಲ. ಸೂರಕ್ಕಿ ಗಂಡು (ಈಗ ಗೊತ್ತು!). ಎಲೆ ಕೆಳಗೆ ಹಳದಿ ಹೇನಿನಂಥ ಹುಳ, ನೂರಾರು. ಇರುವೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳು ಒಂದು, ಮೈಮೇಲೆ ಮೂರು ಜೊತೆ ಕೊಂಬಿನಂಥದ್ದು. ಆಮೇಲೆ ಕಿತ್ತಳೆ ಬಣ್ಣದ ಚಿಟ್ಟೆ ಬಂದು ಎಲೆ ಕೆಳಗೆ ಹೊಟ್ಟೆ ಬಗ್ಗಿಸಿ ಮೊಟ್ಟೆ ಇಟ್ಟು ಹೋಯ್ತು. ನೋಡಿದ್ರೆ ಒಂದೇ ಒಂದು ಬಿಳಿ ಮೊಟ್ಟೆ. ಅರ್ಧ ಗಂಟೆ ಅಂದಿದ್ರಿ, ಒಂದೂಕಾಲು ಗಂಟೆ ಆಗಿತ್ತು. ಆಫೀಸಿಗೆ ಲೇಟು.

ತುಂಬೆಹೂ · ಶನಿವಾರ ಬೆಳಿಗ್ಗೆ 11:00

ಚಿಟ್ಟೆ ಪ್ಲೇನ್ ಟೈಗರ್, ಕಂಬಳಿಹುಳು ಅದರದ್ದೇ. ಎಕ್ಕದ ವಿಷ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತೆ, ಹಕ್ಕಿಗಳು ಒಂದು ಸಲ ರುಚಿ ನೋಡಿದರೆ ಮತ್ತೆ ಮುಟ್ಟಲ್ಲ. ಆ ಹೆಸರಲ್ಲಿ ಬದುಕೋ ಇನ್ನೊಬ್ಬಳೂ ಇದ್ದಾಳೆ. ಡನಾಯ್ಡ್ ಎಗ್‌ಫ್ಲೈ ಅನ್ನೋ ಚಿಟ್ಟೆಯ ಹೆಣ್ಣು, ವಿಷವಿಲ್ಲದಿದ್ದರೂ ಥೇಟ್ ಇದೇ ವೇಷ. ಹಿಂದಿನ ರೆಕ್ಕೆ ನೋಡಿ: ಪ್ಲೇನ್ ಟೈಗರ್‌ಗೆ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆ, ವೇಷದವಳಿಗೆ ಮೇಲಂಚಿನಲ್ಲಿ ಒಂದೇ. ಅವಳು ಎಕ್ಕದ ಮೇಲೆ ಮೊಟ್ಟೆ ಇಡಲ್ಲ, ಗೋಣಿಸೊಪ್ಪು ಬೇಕು. ಮೊಟ್ಟೆ ಇಟ್ಟಿದ್ದನ್ನ ನೀವು ಕಂಡಿದ್ದರಿಂದ ಚುಕ್ಕೆ ಎಣಿಸದೆಯೂ ಹೇಳಬಹುದು.

ಕೆರೆಏರಿ · ಭಾನುವಾರ ಮಧ್ಯಾಹ್ನ 12:10

ತುರ್ತು ಪ್ರಶ್ನೆ. ಇವತ್ತು ದೇವರಾಯನದುರ್ಗದಲ್ಲಿ, ಬಂಡೆ ಸಂದಿಯ ಪೊದೆ ಮೇಲೆ, ಪಿಕಳಾರದ ಗಾತ್ರದ ಹಕ್ಕಿ. ಜುಟ್ಟು ಇಲ್ಲ. ಎಲ್ಲೋ ಹಳದಿ ಇತ್ತು. ನಾಲ್ಕು ಸೆಕೆಂಡ್. ಏನಿರಬಹುದು?

ಲೆನ್ಸ್‌ರಾಜ · ಭಾನುವಾರ ಮಧ್ಯಾಹ್ನ 12:14

ಬ್ರೋ!!! ಹಳದಿ ಕತ್ತಿನ ಪಿಕಳಾರ! ಅದಕ್ಕೋಸ್ಕರ ನಾನು ಬೆಂಗಳೂರಿಂದ ಮೂರು ಸಲ ಬಂದಿದೀನಿ. ಕರೆಕ್ಟ್ ಲೊಕೇಶನ್ ಹಾಕಿ, ನಾಳೆನೇ ಬರ್ತೀನಿ. ಫೋನಲ್ಲಿ ಅದರ ಕೂಗು ಹಾಕಿದ್ರೆ ಹೊರಗೆ ಬರುತ್ತೆ.

ಹಳೇಸೈಕಲ್ · ಭಾನುವಾರ ಮಧ್ಯಾಹ್ನ 1:00

ಲೊಕೇಶನ್ ಹಾಕಬೇಡಿ. ಕೂಗನ್ನೂ ಹಾಕಬೇಡಿ ರಾಜಣ್ಣ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂದ್ಕೊಂಡು ಅದು ಗೂಡು, ಮರಿ, ಊಟ ಬಿಟ್ಟು ಜಗಳಕ್ಕೆ ಬರುತ್ತೆ, ನೀವು ಫೋಟೊ ತಗೊಂಡು ಹೋಗ್ತೀರಿ, ಆಮೇಲೆ ಇನ್ನೊಬ್ರು. ಅದು ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಗುಡ್ಡಗಳನ್ನ ಕ್ವಾರಿಗೆ ಒಡೀತಾ ಇದ್ದಾರೆ. ದುರ್ಗ, ನಂದಿಬೆಟ್ಟದಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಯಾವ ಬಂಡೆ ಅಂತ ಗೊತ್ತಾಗೋದು ಬೇಡ.

ಕೆರೆಏರಿ, ಈಗ ನೀವು. ಹಳದಿ ಎಲ್ಲಿತ್ತು? ಕತ್ತಿನಲ್ಲಾ, ಹೊಟ್ಟೆಯಲ್ಲಾ, ಬಾಲದ ಬುಡದಲ್ಲಾ? ಕಣ್ಣ ಮೇಲೆ ಬಿಳಿ ಹುಬ್ಬು ಇತ್ತಾ? ರೆಕ್ಕೆಯಲ್ಲಿ ಬಿಳಿ ಪಟ್ಟಿ? ಬೆಳಕು ನಿಮ್ಮ ಬೆನ್ನಿಗಿತ್ತಾ, ಎದುರಿಗಾ?

ಕೆರೆಏರಿ · ಭಾನುವಾರ ಮಧ್ಯಾಹ್ನ 1:25

ನೀವು ಕೇಳಿದ ಮೇಲೆ ಯೋಚಿಸ್ತಿದೀನಿ. ಬೆಳಕು ಎದುರಿಗಿತ್ತು. ಕತ್ತಲ್ಲಿ ಅಂತ ಬರೆಯೋಕೆ ಹೊರಟೆ, ಆದ್ರೆ ಅದು ರಾಜಣ್ಣ ಹೇಳಿದ್ಮೇಲೆ ಕತ್ತಿಗೆ ಬಂದಿದ್ದು ಅನ್ಸುತ್ತೆ. ನಿಜ ಹೇಳ್ಬೇಕಂದ್ರೆ ಗೊತ್ತಿಲ್ಲ.

ಹಳೇಸೈಕಲ್ · ಭಾನುವಾರ ಮಧ್ಯಾಹ್ನ 1:40

ಇವತ್ತಿನ ತನಕ ನೀವು ಬರೆದಿದ್ರಲ್ಲಿ ಅತ್ಯಂತ ಒಳ್ಳೆ ಸಾಲು ಇದು.

ಅದೇ ಪೊದೆಗಳಲ್ಲಿ ಬಿಳಿಹುಬ್ಬಿನ ಪಿಕಳಾರವೂ ಇದೆ, ಬಾಲದ ಬುಡದಲ್ಲಿ ಮಾಸಲು ಹಳದಿ. ಐಯೋರಾ ಇದೆ, ಹೊಟ್ಟೆಯೆಲ್ಲ ಹಳದಿ, ಆದ್ರೆ ಪಿಕಳಾರಕ್ಕಿಂತ ಚಿಕ್ಕದು, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಮುಂದಿನ ಭಾನುವಾರ ಸೂರ್ಯ ಬೆನ್ನಿಗಿರೋ ಹಾಗೆ ನಿಂತು ನೋಡಿ. ಬೆಳಕು ಹರಿದ ಮೇಲೆ ಹೋಗಿ, ಪೊದೆಯೊಳಗೆ ನುಗ್ಗಬೇಡಿ. ಅಲ್ಲಿ ಕರಡಿ, ಚಿರತೆ ಎರಡೂ ಇವೆ. ಗೆದ್ದಲು ಹುತ್ತ ಅಗೆದು ತೆರೆದ ಹಾಗೆ ಕಂಡ್ರೆ ಕರಡಿಯ ಕೆಲಸ ಇರಬಹುದು, ಅದನ್ನೂ ನೋಟ್‌ಬುಕ್ಕಲ್ಲಿ ಬರೀರಿ, ಮನೆಗೆ ಬಂದು.

ಲೆನ್ಸ್‌ರಾಜ · ಭಾನುವಾರ ಮಧ್ಯಾಹ್ನ 2:10

ಸರಿ ಸಾರ್, ಕೂಗು ಹಾಕಲ್ಲ. ಸುಮ್ನೆ ಕಾಯ್ತೀನಿ. ಮುಂದಿನ ಭಾನುವಾರ ನಾನೂ ಬರ್ಲಾ?

ಕೆರೆಏರಿ · ಮುಂದಿನ ಭಾನುವಾರ ಮಧ್ಯಾಹ್ನ 2:30

ವರದಿ. ಹಳೇಸೈಕಲ್ ಸಾರ್, ರಾಜಣ್ಣ, ನಾನು, ಮೂರೂ ಜನ ಎರಡು ಗಂಟೆ ಕೂತ್ವಿ. ಬಿಳಿಹುಬ್ಬಿನ ಪಿಕಳಾರ ಚೆನ್ನಾಗಿ ಕಾಣ್ತು, ಹುಬ್ಬು, ಬಾಲದ ಬುಡ ಎಲ್ಲ. ಹಳದಿ ಕತ್ತಿನದು ಬರಲಿಲ್ಲ. ರಾಜಣ್ಣನಿಗೆ ನಾಲ್ಕನೇ ಸಲ. ನೋಟ್‌ಬುಕ್ಕಲ್ಲಿ ಬಿಳಿಹುಬ್ಬು 21ನೇದು. ಹೋದ ವಾರದ್ದಕ್ಕೆ ನಂಬರ್ ಕೊಡದೆ ಬರೀ ‘?’ ಹಾಕಿದೀನಿ.

ಇನ್ನೊಂದು ವಿಷಯ ಹೇಳಲೇಬೇಕು. ಊರಿಂದ ಅಮ್ಮ ಬಂದಿದಾರೆ. ನಿನ್ನೆ ರಾತ್ರಿ ಸುಮ್ನೆ ಹೂವಿನ ಫೋಟೊ ತೋರಿಸ್ತಾ ಕೂತೆ. ಮೇಡಂಗೆ ಕಳಿಸೋಣ ಅಂತ ತೆಗೆದಿಟ್ಟಿದ್ದ ಹನ್ನೆರಡರಲ್ಲಿ ಒಂಬತ್ತಕ್ಕೆ ಹೆಸರು ಹೇಳಿಬಿಟ್ರು. ಕನ್ನಡಕ ಇಲ್ದೆ. ಬಿಳಿ-ಗುಲಾಬಿ ಮೇಣದಬತ್ತಿ ಥರದ ಹೂ ತೋರಿಸಿ ‘ಇದು ತುಂಬಾ ಅಪರೂಪ ಅಮ್ಮ’ ಅಂದೆ. ‘ಥೂ, ಅಣ್ಣೆಸೊಪ್ಪು ಕಣೋ. ಇದನ್ನ ಬೆರಕೆಸೊಪ್ಪಿಗೆ ಹಾಕಿ ಎಷ್ಟು ಸಲ ತಿನ್ಸಿದೀನಿ ನಿಂಗೆ, ಹೂ ಬಿಟ್ಮೇಲೆ ಬಲಿತು ಹೋಗುತ್ತೆ, ಕೀಳಲ್ಲ’ ಅಂದ್ರು. ಹಳದಿ ಹೂವಿನ ಪೊದೆ ತಂಗಡಿ, ಅದರ ತೊಗಟೇಲಿ ಚರ್ಮ ಹದ ಮಾಡ್ತಿದ್ರಂತೆ. ಬಟ್ಟೆಗೆ ಅಂಟೋ ಬೀಜದ್ದು ಉತ್ತರಾಣಿ. ಗಣಿಕೆ, ಹೊನಗೊನ್ನೆ, ತುಂಬೆ ಎಲ್ಲ ಎಲೆ ನೋಡೇ ಹೇಳಿದ್ರು. ಹೂ ನೋಡ್ಲೇ ಇಲ್ಲ.

ಉಳಿದ ಮೂರರಲ್ಲಿ ಒಂದಕ್ಕೆ ‘ಹೆಸರು ಗೊತ್ತಿಲ್ಲ, ಹಸ ಮೂಸಲ್ಲ ಇದನ್ನ’ ಅಂದ್ರು.

ತುಂಬೆಹೂ · ಭಾನುವಾರ ಸಂಜೆ 4:00

ಅಮ್ಮನಿಗೆ ನಮಸ್ಕಾರ ತಿಳಿಸಿ. ನಮ್ಮ ವಿದ್ಯಾರ್ಥಿಗಳು ಹೂ ಬಂದ ಮೇಲೆ ಗಿಡ ಗುರುತಿಸ್ತಾರೆ. ಸೊಪ್ಪು ಕಿತ್ತವರು ಹೂ ಬರೋಕೆ ಮುಂಚೆಯೇ ಗುರುತಿಸಬೇಕು, ತಪ್ಪಿದರೆ ಮನೆ ಮಂದಿಗೆಲ್ಲ ಹೊಟ್ಟೆನೋವು. ಅದಕ್ಕೇ ಆ ಕಣ್ಣು. ಆದರೆ ಇದನ್ನು ಓದಿದ ಬೇರೆಯವರಿಗೆ: ಆ್ಯಪ್ ಹೇಳಿತು ಅಂತ ಯಾವ ಸೊಪ್ಪನ್ನೂ, ಗೆಡ್ಡೆಯನ್ನೂ ಬಾಯಿಗೆ ಹಾಕಬೇಡಿ. ಮಳೆಗಾಲದಲ್ಲಿ ಬೇಲಿಯಲ್ಲಿ ಅರಳೋ ಗೌರಿ ಹೂ ಅಷ್ಟು ಚೆಂದ, ಅದರ ಗೆಡ್ಡೆ ಪ್ರಾಣ ತೆಗೆಯುತ್ತೆ.

ಹಸು ಮೂಸದ ಗಿಡದ ಎಲೆಯ ಹಿಂಭಾಗದ ಫೋಟೊ ಬೇಕು.

ಹಳೇಸೈಕಲ್ · ಭಾನುವಾರ ಸಂಜೆ 4:30

ಮುಂದಿನ ವಾರ ಅಮ್ಮನ್ನೂ ಕರ್ಕೊಂಡು ಬನ್ನಿ ಸ್ವಾಮಿ. ನಮಗೆಲ್ಲ ಪಾಠ ಆಗುತ್ತೆ.

ಕೆರೆಏರಿ · ಭಾನುವಾರ ಸಂಜೆ 5:15

ಕೇಳಿದೆ ಸಾರ್. ಮಂಡಿನೋವು, ಬೆಟ್ಟ ಹತ್ತೋಕಾಗಲ್ಲ, ಬೆಟ್ಟದ ಬುಡದಲ್ಲಿರೋ ನಾಮದ ಚಿಲುಮೆ ತನಕ ಬರ್ತಾರಂತೆ. ಚೀಲ ಒಂದು ಸಾಕಾ ಎರಡು ತರ್ಬೇಕಾ ಅಂತ ಕೇಳ್ತಿದಾರೆ.

ಹಳೇಸೈಕಲ್ · ಭಾನುವಾರ ಸಂಜೆ 5:22

ಚೀಲ ಬೇಡ ಅನ್ನಿ! ಅದು ಫಾರೆಸ್ಟು, ಗಾರ್ಡ್ ಹಿಡ್ಕೊಂಡ್ರೆ ನಿಮ್ಮ ಜೊತೆ ನನ್ನನ್ನೂ ಕೂರಿಸ್ತಾನೆ. ವಾಪಸ್ ಬರ್ತಾ ದಾರೀಲಿ ನಮ್ಮ ಭಾವನ ತೋಟ ಇದೆ, ಅಲ್ಲಿ ಎಷ್ಟು ಬೇಕಾದ್ರೂ ಕೀಳಲಿ.